ಮೂರು ಸಲ ಕೇಳುವ ವಿದೋಸಾವಾ

ವಿದೋಸಾವಾಳ ಮುತ್ತಜ್ಜ ಓಸ್ತೋಯಾ ನೇಗಿಲು ಹೊಡೆಯುವವನು. ಮೂರು ಹಳ್ಳಿಯವರು ಸೇರಿ ಚರ್ಚಿಗೆ ಹೊಸ ಗಂಟೆ ತರಿಸಿದ ದಿನ, ಎಲ್ಲರೂ ಅದರ ಹೊಳಪು ನೋಡುತ್ತಿದ್ದರೆ ಅವನು ಹಣೆಯನ್ನು ಗಂಟೆಗೆ ಆನಿಸಿ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದನಂತೆ. "ಇದರ ಹೊಟ್ಟೆ ಸೀಳಿದೆ," ಎಂದನಂತೆ. ಗಂಟೆ ತಂದವರು ನಕ್ಕರು. ಈಸ್ಟರ್ ಹಬ್ಬದ ಬೆಳಿಗ್ಗೆ ಮೂರನೆಯ ಬಡಿತಕ್ಕೆ ಗಂಟೆ ಎರಡಾಯಿತು. ಅಜ್ಜಿ ಯೆಲೀಸಾವ್ಕಾ ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವವಳು. ಪಕ್ಕದಲ್ಲಿ ಯಾರಾದರೂ ತೋರಿಕೆಗೆ ಅತ್ತರೆ, ಹೆಣದ ಮುಂದೆಯೇ, "ನೀನು ಸುಮ್ಮನಿರಮ್ಮ, ನಿನಗೆ ಈರುಳ್ಳಿ ಬೇಕಾಗುತ್ತೆ," ಎಂದು ಹೇಳುವ ಎದೆಗಾರಿಕೆ ಅವಳದು. ಅಪ್ಪ ಮಿಲುಟಿನ್ ಬೆಲ್‌ಗ್ರೇಡ್ ರೈಲು ದಾರಿಯ ನಮ್ಮ ಲಾಪೊವೊ ಜಂಕ್ಷನ್ನಿನಲ್ಲಿ ಗಾಲಿ ಬಡಿಯುವ ಕೆಲಸದಲ್ಲಿದ್ದ. ಉದ್ದ ಹಿಡಿಯ ಸುತ್ತಿಗೆ ಹಿಡಿದು, ನಿಂತ ಗಾಡಿಯ ಒಂದೊಂದು ಗಾಲಿಗೂ ತಟ್ಟಿ, ದನಿ ಕೇಳಿ ಮುಂದೆ ಹೋಗುವುದು. ಒಮ್ಮೆ ಒಂದೇ ಒಂದು ಗಾಲಿಯ ದನಿ ಸರಿಯಿಲ್ಲವೆಂದು ಗ್ರೀಸಿಗೆ ಹೋಗುವ ಎಕ್ಸ್‌ಪ್ರೆಸ್ಸನ್ನೇ ನಲವತ್ತು ನಿಮಿಷ ನಿಲ್ಲಿಸಿದ. ಮೇಲಧಿಕಾರಿ ಬಾಯಿಗೆ ಬಂದದ್ದೆಲ್ಲ ಬೈದ. ಗಾಲಿ ಬಿಚ್ಚಿ ನೋಡಿದರೆ ಒಳಗೆ ಕೂದಲೆಳೆಯಷ್ಟು ಬಿರುಕಿತ್ತು. ಅಧಿಕಾರಿ ಟೋಪಿ ತೆಗೆದ. ಮಿಲುಟಿನ್ ಮುಂದಿನ ಗಾಲಿಗೆ ಹೋದ.

ಇಂಥ ಕಿವಿಗಳ ವಂಶದಲ್ಲಿ ಹುಟ್ಟಿದವಳು ವಿದೋಸಾವಾ. ಊರಿಗೆಲ್ಲ ಅವಳು ವಿದಾ. ಹಗಲು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದಳು, ಮೈಕಿನಲ್ಲಿ ಗಾಡಿ ಬರುವುದನ್ನು ಕೂಗುತ್ತಿದ್ದಳು. ಸಂಜೆ ಮನೆಗೆ ಬಂದು ನಮ್ಮ ನದಿಯ ಹೆಸರಿಟ್ಟ ವಾರಪತ್ರಿಕೆ 'ಮೊರಾವಾದ ದನಿ'ಗೆ ಹೊಸದಾಗಿ ಬಂದ ಹಾಡಿನ ರೆಕಾರ್ಡುಗಳ ಗುಣದೋಷ ಬರೆಯುತ್ತಿದ್ದಳು. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನೂ ಅಷ್ಟೆ. ಅದೇ ಪತ್ರಿಕೆಯ ಅಚ್ಚುಮನೆಯಲ್ಲಿ ಸೀಸದ ಮೊಳೆಗಳನ್ನು ತಲೆಕೆಳಗಾಗಿ ಓದುತ್ತಲೇ ಅಕ್ಷರ ಕಲಿತವನು. ಮೂವತ್ತೊಂದು ವರ್ಷ ಅವಳ ಬರಹಕ್ಕೆ ಮೊಳೆ ಜೋಡಿಸಿದ್ದೇನೆ. ಅವಳ ವಾಕ್ಯಗಳ ತೂಕ ನನ್ನ ಬೆರಳಿಗೆ ಗೊತ್ತು, ಅದು ಬೇರೆ ಯಾರಿಗೂ ಗೊತ್ತಿಲ್ಲ.

ಅವಳದೊಂದು ಕಟ್ಟಳೆಯಿತ್ತು. ಯಾವ ರೆಕಾರ್ಡನ್ನಾದರೂ ಮೂರು ಸಲ ಕೇಳಬೇಕು. ಮೊದಲ ಸಲ ಪಾತ್ರೆ ತೊಳೆಯುತ್ತ, ನಿಂತುಕೊಂಡು. ಎರಡನೆಯ ಸಲ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಪೆನ್ಸಿಲ್ ಹಿಡಿದು. ಮೂರನೆಯ ಸಲ ರೆಕಾರ್ಡನ್ನು ಹಾಲ್‌ನಲ್ಲಿ ತಿರುಗಲು ಬಿಟ್ಟು, ತಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು. ಬಾಗಿಲು ಮಾತನ್ನೂ ಮೆರುಗನ್ನೂ ಆಚೆಯೇ ತಡೆದು ಮೂಳೆಯನ್ನಷ್ಟೇ ಒಳಗೆ ಬಿಡುತ್ತದೆ, ಎನ್ನುತ್ತಿದ್ದಳು. ಆಮೇಲೆ ಬರೆಯುವುದು. ಬರೆದು ಕೊನೆಯಲ್ಲಿ ಪ್ಲಮ್ ಹಣ್ಣು ಹಂಚುವುದು. ನಮ್ಮ ಸೀಮೆಯಲ್ಲಿ ಪ್ಲಮ್ಮಿಗಿಂತ ದೊಡ್ಡದು ಯಾವುದಿದೆ? ಬಹಳ ಒಳ್ಳೆಯದಕ್ಕೆ ಐದು ಪ್ಲಮ್. ತೀರಾ ಕೆಟ್ಟದ್ದಕ್ಕೆ ಹಣ್ಣಿಲ್ಲ, ಬರೀ ಬೀಜ. ಅದಕ್ಕೆಂದೇ ನಾನು ಮರದಲ್ಲಿ ಪ್ಲಮ್ಮಿನ ಅಚ್ಚು, ಬೀಜದ ಅಚ್ಚು ಕೊರೆದಿಟ್ಟಿದ್ದೆ.

ಹಳ್ಳಿಯ ಹಾಡು, ಪಟ್ಟಣದ ಗದ್ದಲ, ಕುಣಿಯುವ ಹಾಡು, ಚರ್ಚಿನ ಹಾಡು, ಯಾವುದನ್ನೂ ಅವಳು ಬೇರೆ ಬೇರೆ ತಟ್ಟೆಯಲ್ಲಿ ಉಣ್ಣಲಿಲ್ಲ. ರಾಜಧಾನಿಯ ಡಿಸ್ಕೋ ಹಾಡುಗಾತಿಯ ಬಗ್ಗೆ ಹೀಗೆ ಬರೆದಳು: "ಕನ್ನಡಿ ಮುಂದೆ ನಿಂತು ಹಾಡಿದ್ದಾಳೆ. ಕನ್ನಡಿಗೆ ಇಷ್ಟವಾಗಿರಬಹುದು. ಎರಡು." ದೊಡ್ಡ ಹೆಸರಿನ ಜಾನಪದ ಗಾಯಕನೊಬ್ಬನಿಗೆ: "ಹನ್ನೆರಡು ಹಾಡುಗಳಲ್ಲಿ ಹದಿನಾಲ್ಕು ಸಲ ತಾಯಿಯನ್ನು ನೆನೆದಿದ್ದಾನೆ. ಆಕೆಗೆ ಒಂದು ಕಾಗದ ಬರೆದಿದ್ದರೆ ಸಾಕಿತ್ತು. ಬೀಜ." ಕೂದಲು ನಿಗುರಿಸಿಕೊಂಡ ಹುಡುಗರ ಪಂಕ್ ತಂಡಕ್ಕೆ: "ನುಡಿಸಲು ಬರುವುದಿಲ್ಲ. ಅದು ಅವರಿಗೂ ಗೊತ್ತು, ಮುಚ್ಚಿಟ್ಟಿಲ್ಲ. ಮೂರು." ಜಾಝ್ ತಂಡಕ್ಕೆ: "ನಾಲ್ವರು ಮಾತಾಡುತ್ತಾರೆ, ಒಬ್ಬರೂ ಇನ್ನೊಬ್ಬರ ಮಾತು ಕತ್ತರಿಸುವುದಿಲ್ಲ. ನಮ್ಮ ಊರಸಭೆಯವರು ಕೇಳತಕ್ಕದ್ದು. ನಾಲ್ಕು." ಐದು ಪ್ಲಮ್ ಸಿಕ್ಕಿದ್ದು ಒಮ್ಮೆ, ಬೆಟ್ಟದ ಕಡೆಯ ತುತ್ತೂರಿಯವರ ಮೇಳಕ್ಕೆ. "ಹನ್ನೊಂದು ಜನ ಊದುತ್ತಾರೆ. ಹನ್ನೆರಡನೆಯವನು ಹೋದ ವರ್ಷ ತೀರಿಕೊಂಡನಂತೆ. ಅವನ ಜಾಗವನ್ನು ಯಾರೂ ತುಂಬಿಲ್ಲ, ಅದು ಕೇಳಿಸುತ್ತದೆ." ಈ ಸಾಲುಗಳಿಗೆ ಮೊಳೆ ಜೋಡಿಸುವಾಗ ನನ್ನ ಕೈ ನಿಂತಿತ್ತು.

ಜನ ಅವಳನ್ನು ನಂಬಿದರು. ಮದುವೆಗೆ ಹಾಡುವವರನ್ನು ಗೊತ್ತು ಮಾಡುವ ಮುಂಚೆ, "ವಿದಾ ಎಷ್ಟು ಕೊಟ್ಟಿದ್ದಾಳೆ?" ಎಂದು ಕೇಳುವುದು ನಮ್ಮ ಕಡೆ ರೂಢಿಯಾಯಿತು. ಅಂಥ ನಂಬಿಕೆಯ ಹೊರೆ ಎಷ್ಟಿರುತ್ತದೆ ಎನ್ನುವುದು ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಗೊತ್ತಾಯಿತು.

ಪಕ್ಕದ ಹಳ್ಳಿಯ ರಾದೊಯ್ಕೊ ಬೀಗ ಮಾಡುವ ಕಸುಬಿನವನು. ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸಿ ಹಾಡುತ್ತಿದ್ದ. ಅಂಗಡಿ ಅರೆಹೊಟ್ಟೆ ತುಂಬಿಸಿದರೆ ಮಿಕ್ಕ ಅರ್ಧವನ್ನು ಹಾಡು ತುಂಬಿಸುತ್ತಿತ್ತು. ಆ ವರ್ಷ ತಂಡ ಕಟ್ಟಿಕೊಂಡು ಆರು ಹಾಡುಗಳ ರೆಕಾರ್ಡ್ ಮಾಡಿಸಿದ. ತಾನೇ ಸೈಕಲ್ಲಿನಲ್ಲಿ ಬಂದು ಅಚ್ಚುಮನೆಯ ಬಾಗಿಲಲ್ಲಿ ನಿಂತು, "ಮೇಸ್ತ್ರಿ, ಇದನ್ನ ವಿದಾ ಚಿಕ್ಕಮ್ಮಂಗೆ ತಲುಪಿಸಿಬಿಡಿ. ಒಳಗೆ ಬರಲ್ಲ, ಕಾಲು ನಡುಗ್ತಿದೆ," ಅಂದ.

"ಮದುವೆ ಮನೇಲಿ ಮುನ್ನೂರು ಜನದ ಮುಂದೆ ಹಾಡ್ತೀಯಲ್ಲೋ!"

"ಅವ್ರು ಕುಡಿದಿರ್ತಾರೆ, ಮೇಸ್ತ್ರಿ. ಚಿಕ್ಕಮ್ಮ ಕುಡಿಯಲ್ವಲ್ಲ."

ವಿಮರ್ಶೆಗೆ ಬಂದ ಪ್ರತಿಯೊಂದು ರೆಕಾರ್ಡಿಗೂ ಪತ್ರಿಕೆಯ ಮೊಹರು ಒತ್ತುವುದು ನನ್ನ ಕೆಲಸ. ನಡುವಿನ ದುಂಡು ಕಾಗದದ ಮೇಲೆ, ನೀಲಿ ಮಸಿಯಲ್ಲಿ, ಗಟ್ಟಿಯಾಗಿ ಒತ್ತಿದೆ.

ಅಗಲವಾದ ರೆಕಾರ್ಡ್ ನಿಮಿಷಕ್ಕೆ ಮೂವತ್ತಮೂರು ಸುತ್ತು, ಚಿಕ್ಕದು ನಲವತ್ತೈದು ಸುತ್ತು. ಅದು ಎಲ್ಲರ ಮನೆಯ ವಾಡಿಕೆ. ಆದರೆ ಆಗ ಹೊಸದಾಗಿ ಅಗಲವಾದದ್ದರಲ್ಲೂ ನಲವತ್ತೈದು ಸುತ್ತಿನವು ಬರತೊಡಗಿದ್ದವು. ರಾದೊಯ್ಕೊನದು ಅಂಥದ್ದು. ಆ ಸುತ್ತಿನ ಸಂಖ್ಯೆಯನ್ನು ನಡುವಿನ ಕಾಗದದ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಅಚ್ಚು ಹಾಕಿದ್ದರು. ನನ್ನ ನೀಲಿ ಮೊಹರು ಅದರ ಮೇಲೆಯೇ ಕೂತಿತ್ತು.

ವಿದಾ ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿದಳು. ಕುಣಿಸುವ ಹಾಡು ಕೆಸರಿನಲ್ಲಿ ಕಾಲೆಳೆಯುವ ಹಾಡಾಯಿತು. ಆಗ ರಾಜಧಾನಿಯಿಂದ ಕರಿಯಂಗಿ ಹುಡುಗರು ಬಾವಿಯೊಳಗಿಂದ ನರಳಿದಂತೆ ಹಾಡಿ ಕಳಿಸುತ್ತಿದ್ದ ಕಾಲ. ಇವನಿಗೂ ಆ ಗಾಳಿ ಸೋಕಿದೆ ಎಂದುಕೊಂಡಳು. ಮೊದಲ ಸಲ ಕೇಳಿದಳು, ಎರಡನೆಯ ಸಲ ಕೇಳಿದಳು. ಮೂರನೆಯ ಸಲಕ್ಕೆ ಹೊತ್ತು ಸಿಗಲಿಲ್ಲ. ಅವರ ಮನೆ ಕಾಯುವ ಸಂತ ನಿಕೋಲನ ದಿನ ಅದು. ಆ ದಿನ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಕಳಿಸುವುದೂ ಇಲ್ಲ. ಅಡುಗೆಮನೆಯ ತುಂಬ ನೆಂಟರು, ಬೇಯಿಸಿದ ಗೋಧಿಯ ಪ್ರಸಾದ, ಮೀನು, ಮೇಣದ ಬತ್ತಿ. ಬಾಗಿಲು ಹಾಕಿಕೊಂಡು ಕೂರಲು ಜಾಗವೆಲ್ಲಿ? ಮೂರು ದಿನ ನೆಂಟರಿದ್ದರು. ನಾಲ್ಕನೆಯ ದಿನ ನಾನು ಬರಹಕ್ಕೆ ಹೋದಾಗ ಕೈಗೆ ಕೊಟ್ಟಳು.

"ಎತ್ತನ್ನು ಹೊಂಡದಿಂದ ಎಳೆಯುವಾಗ ಎತ್ತು ಹಾಡುವುದಿಲ್ಲ. ಇವನು ಹಾಡಿದ್ದಾನೆ. 'ನನ್ನ ಬೀಗಕ್ಕೆ ನಿನ್ನ ಕೀಲಿಕೈ' ಎನ್ನುವ ಹಾಡು ಮುಗಿಯುವ ಹೊತ್ತಿಗೆ ಬೀಗ ತುಕ್ಕು ಹಿಡಿದಿರುತ್ತದೆ. ಮದುವೆಗೆ ಕರೆದರೆ ಮದುಮಗ ಮುದುಕನಾಗಿ ಎದ್ದಾನು. ಬೀಜ."

ಊರು ಹೊಟ್ಟೆ ಹಿಡಿದು ನಕ್ಕಿತು. ನಾನೂ ನಕ್ಕೆ, ಬೀಜದ ಅಚ್ಚನ್ನು ಚೊಕ್ಕವಾಗಿ ಕೂರಿಸಿದೆ. ಜನವರಿಯಲ್ಲಿ ರಾದೊಯ್ಕೊನನ್ನು ಹಾಡಲು ಗೊತ್ತು ಮಾಡಿದ್ದ ಐದು ಮದುವೆಗಳಲ್ಲಿ ನಾಲ್ಕು ಕೈಬಿಟ್ಟವು. ಅವನ ಹೆಂಡತಿ ರೊಟ್ಟಿ ತರಲು ಹೋದರೆ ಸಾಲಿನಲ್ಲಿ ನಿಂತವರು, "ಏನಮ್ಮ, ತುಕ್ಕು ಬಿಡ್ತಾ?" ಎನ್ನುತ್ತಿದ್ದರಂತೆ. ಅವನೋ, ವಿದಾ ಕೇಳಿ ಹೇಳಿದ್ದಾಳೆ ಎಂದ ಮೇಲೆ ತನ್ನಲ್ಲೇ ಏನೋ ಕಡಿಮೆಯಿದೆ ಎಂದು ನಂಬಿ ಅಕಾರ್ಡಿಯನ್ನನ್ನು ಪೆಟ್ಟಿಗೆಗೆ ಹಾಕಿದ. ಆ ಪೆಟ್ಟಿಗೆಗೆ ತಾನೇ ಮಾಡಿದ ಬೀಗ ಜಡಿದ.

ಕೈಬಿಡದೆ ಉಳಿದ ಒಂದು ಮದುವೆ ನನ್ನ ತಂಗಿಯ ಮಗಳದು. ತಂಗಿಯ ಗಂಡ ಹಟಮಾರಿ. "ನಂಗೆ ಪ್ಲಮ್ ಬೇಡ, ಬೀಜಾನೂ ಬೇಡ, ಮಾತು ಕೊಟ್ಟಿದೀನಿ," ಎಂದು ಅವನನ್ನೇ ಕರೆಸಿದ. ಕೊನೆಯ ಸಲ ಎಂದು ರಾದೊಯ್ಕೊ ಪೆಟ್ಟಿಗೆ ತೆರೆದು ಬಂದ. ವಿದಾ ನನ್ನ ಪಕ್ಕದಲ್ಲಿ ಕೂತಿದ್ದಳು. ಮದುವೆಯ ಕೋಸಿನ ಮಾಂಸದಡುಗೆ ಆಗ ತಾನೇ ಬಡಿಸಿದ್ದರು. ಅಕಾರ್ಡಿಯನ್ ಶುರುವಾಯಿತು. ಮುದುಕಿಯರೂ ಸಹಿತ ಎದ್ದು ಕೈ ಕೈ ಹಿಡಿದು ಸಾಲುಗಟ್ಟಿದರು.

ವಿದಾಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. "ಸ್ರೆತೆನ್, ಯಾವ ಹಾಡಿದು?" ಅಂದಳು ನನ್ನ ಕಡೆ ತಿರುಗಿ.

"ಅದೇ ಕಣೆ, ಬೀಗ-ಕೀಲಿಕೈ. ನೀನು ತುಕ್ಕು ಅಂದ್ಯಲ್ಲ."

"ಅದಲ್ಲ ಇದು."

"ಪದ ಅದೇ ಇದೆಯಲ್ಲ, ಕೇಳು."

ಅವಳು ಕೇಳಿದಳು. ಮುಖದ ರಕ್ತ ಇಳಿದು ಹೋಯಿತು. ಅಪ್ಪ ಮಿಲುಟಿನ್ ಬಿರುಕಿನ ಗಾಲಿಯ ಮುಂದೆ ಹೀಗೆಯೇ ನಿಂತಿರಬೇಕು. ಎದ್ದು ಕೋಟು ತೊಟ್ಟು, ಊಟ ಬಿಟ್ಟು, ನಾಲ್ಕು ಮೈಲಿ ಮಂಜಿನಲ್ಲಿ ನಡೆದು ಮನೆಗೆ ಹೋದಳು. ನಾನೂ ಹಿಂದೆಯೇ ಓಡಿದೆ. ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೀಲಿ ಮಸಿಯನ್ನು ಉಗುರಿನಿಂದ ಕೆರೆದಳು. ನಾಲ್ಕು ಕಾಣಿಸಿತು, ಆಮೇಲೆ ಐದು. ಮೊಹರು ಯಾರದೆಂದು ಅವಳು ಕೇಳಲಿಲ್ಲ. ನಾನು ಬಾಯಿ ಬಿಡಲಿಲ್ಲ. ಗುಂಡಿ ತಿರುಗಿಸಿ ಮುಳ್ಳು ಇಟ್ಟು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಡುವೆ ರೆಕಾರ್ಡನ್ನು ಮಗುಚಿ ಹಾಕಿದ್ದು ನಾನು, ಅವಳು ಆರು ಹಾಡೂ ಮುಗಿದ ಮೇಲೆಯೇ ಹೊರಗೆ ಬಂದದ್ದು.

"ಮೂರನೇ ಸಲ ಕೇಳಿದ್ರೆ ಗೊತ್ತಾಗ್ತಿತ್ತು," ಅಂದಳು. "ಯಾವ ಡೋಲಿನವನ ಕೈಯೂ ಅಷ್ಟು ನಿಧಾನಕ್ಕೆ ಬೀಳಲ್ಲ. ಬಾಗಿಲು ಹೇಳ್ತಿತ್ತು. ನಾನೇ ಬಾಗಿಲು ಹಾಕ್ಲಿಲ್ಲ."

ಮರುದಿನ ಬೆಳಿಗ್ಗೆ ಹೊಸ ಬರಹ ಹಿಡಿದು ಅಚ್ಚುಮನೆಗೆ ಬಂದಳು. ಸಂಪಾದಕ ಚೆದಾ ಅದನ್ನು ಓದಿ ಕನ್ನಡಕ ತೆಗೆದ.

"ಇದನ್ನ ಹಾಕಕ್ಕಾಗಲ್ಲ ವಿದಾ. ಹದಿನೇಳು ವರ್ಷದಿಂದ ಜನ ನಿನ್ನ ಮಾತು ಕೇಳಿ ರೆಕಾರ್ಡ್ ತಗೋತಾರೆ. ಗುಂಡಿ ತಿರುಗಿಸಕ್ಕೇ ಬರ್ದವಳು ಅಂತ ಗೊತ್ತಾದ್ರೆ ನಾಳೆ ಆ ಪುಟದಲ್ಲಿ ಮೀನು ಕಟ್ಟಿಕೊಡ್ತಾರೆ."

"ಕಟ್ಟಲಿ. ಮೀನಿಗಾದ್ರೂ ನಿಜ ಗೊತ್ತಾಗ್ಲಿ."

"ಅವನಿಗೆ ಇನ್ನೊಂದು ರೆಕಾರ್ಡ್ ಮಾಡೋಕೆ ಹೇಳು, ಅದಕ್ಕೆ ಐದು ಕೊಡು. ಲೆಕ್ಕ ಸರಿಹೋಯ್ತು. ಯಾರ ಮಾನಾನೂ ಹೋಗಲ್ಲ."

"ಸುಳ್ಳು ಐದು ಕೊಟ್ರೆ ನಿಜವಾದ ಐದಕ್ಕೆ ಏನು ಕೊಡ್ಲಿ ಚೆದಾ? ನೀನು ಹಾಕು. ಹಾಕ್ದಿದ್ರೆ ಹನ್ನೆರಡೂ ಇಪ್ಪತ್ತರ ಬೆಲ್‌ಗ್ರೇಡ್ ಗಾಡಿ ನಿಂತಾಗ ಸ್ಟೇಷನ್ ಮೈಕಲ್ಲಿ ಓದ್ತೀನಿ. ಗಾಡಿಯೊಳಗಿನವರಿಗೂ ಕೇಳಿಸುತ್ತೆ."

ಅವಳು ಓದುವವಳೇ. ಚೆದಾನಿಗೂ ಅದು ಗೊತ್ತಿತ್ತು. ಬರಹವನ್ನು ನನ್ನ ಕಡೆ ತಳ್ಳಿ, "ಜೋಡಿಸು ಮೇಸ್ತ್ರಿ. ದೇವರು ನಮ್ಮನ್ನ ಕಾಪಾಡ್ಲಿ," ಅಂದ.

ಅದನ್ನು ಜೋಡಿಸುವಾಗ ಪ್ರತಿ ಸಾಲಿನಲ್ಲೂ ನನ್ನ ಮೊಹರನ್ನು ಹುಡುಕಿದೆ. ಎಲ್ಲಿಯೂ ಇರಲಿಲ್ಲ. "ಸುತ್ತಿನ ಸಂಖ್ಯೆ ನೋಡುವುದು ನನ್ನ ಕೆಲಸ, ನೋಡಲಿಲ್ಲ. ಮೂರು ಸಲ ಕೇಳುವುದು ನನ್ನ ಮಾತು, ಎರಡೇ ಸಲ ಕೇಳಿದೆ. ಮದುವೆಗಳಲ್ಲಿ ಹಾಡಿ ದುಡಿಯುತ್ತಿದ್ದ ಇವನ ಅನ್ನಕ್ಕೆ ಮಣ್ಣು ಹಾಕಿದವಳು ನಾನು. ಆ ಬೀಜ ಇವನದಲ್ಲ, ನನ್ನದು." ಅಲ್ಲಿ ಬೀಜದ ಅಚ್ಚು. ಆಮೇಲೆ ರೆಕಾರ್ಡಿನ ಹೊಸ ವಿಮರ್ಶೆ: "ಅಕಾರ್ಡಿಯನ್ ಚುರುಕು, ಮಾತಿಗೆ ಮಾತು ಕೊಡುತ್ತದೆ. ದನಿಯಲ್ಲಿ ಕಬ್ಬಿಣ ಕಾಸಿದ ಬಿಸಿಯಿದೆ. ಡೋಲಿನವನು ಮಾತ್ರ ಗಾಡಿ ತಪ್ಪುತ್ತದೇನೋ ಎಂಬಂತೆ ಓಡುತ್ತಾನೆ. ಮೂರು."

ಶುಕ್ರವಾರ ಪತ್ರಿಕೆ ಹೊರಬಂತು. ಊರು ಮತ್ತೆ ನಕ್ಕಿತು, ಈ ಸಲ ಅವಳನ್ನು ನೋಡಿ. ಟಿಕೆಟ್ ಕಿಟಕಿಯಲ್ಲಿ ಒಬ್ಬ, "ಅಕ್ಕಾ, ಗಾಡಿ ಎಷ್ಟು ಸುತ್ತಿಂದು? ಮೂವತ್ಮೂರೋ ನಲವತ್ತೈದೋ?" ಅಂದ. ಅವಳು ಚಿಲ್ಲರೆ ತಳ್ಳುತ್ತ, "ನೀನು ಹತ್ತೋದು ನಿಧಾನದ್ದು ಕಣಪ್ಪ, ನಿನ್ನ ಹೆಂಡ್ತಿ ಹೇಳಿದಾಳೆ," ಅಂದಳು. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಗು ಅಲ್ಲಿಗೇ ಮುಗಿಯಿತು. ಪುಟದಲ್ಲಿ ಯಾರೂ ಮೀನು ಕಟ್ಟಲಿಲ್ಲ. ಮುಂದಿನ ವಾರ ಪತ್ರಿಕೆ ಇನ್ನೂರು ಪ್ರತಿ ಹೆಚ್ಚಾಗಿಯೇ ಹೋಯಿತು. ತಪ್ಪಿದಾಗ ತಪ್ಪಿದೆ ಎನ್ನುವವಳು ಹೊಗಳಿದರೆ ಅದು ನಿಜವೇ ಇರಬೇಕು ಎಂದು ಜನ ತಮ್ಮ ಪಾಡಿಗೆ ತಾವೇ ತೀರ್ಮಾನಿಸಿಕೊಂಡಿದ್ದರು.

ಭಾನುವಾರ ಅವಳು ರಾದೊಯ್ಕೊನ ಮನೆಗೆ ಹೋದಳು. ಜೊತೆಗೆ ನಾನಿದ್ದೆ. ಅವನ ಹೆಂಡತಿ ಬಾಗಿಲು ತೆಗೆದವಳು ಒಳಗೆ ಬನ್ನಿ ಎನ್ನಲಿಲ್ಲ. ಹಿಂದಿನಿಂದ ರಾದೊಯ್ಕೊ ಪತ್ರಿಕೆ ಕೈಯಲ್ಲಿ ಹಿಡಿದೇ ಬಂದ.

"ಚಿಕ್ಕಮ್ಮ, ಇಷ್ಟೆಲ್ಲ ಮರ್ಯಾದೆ ಹೋದ್ಮೇಲೂ ಮೂರೇನಾ?"

"ನಾಲ್ಕನೇದನ್ನ ನಿನ್ನ ಡೋಲಿನವನು ತಿಂದುಹಾಕಿದಾನೆ ಮಗಾ."

ಅವನು ಹೆಂಡತಿಯ ಕಡೆ ತಿರುಗಿದ. "ನಾನು ಹೇಳ್ಲಿಲ್ವೇನೆ? ಅವನು ಓಡ್ತಾನೆ ಅಂತ? ಹೇಳ್ಲಿಲ್ವಾ?"

"ಅವ್ನು ನಿಮ್ಮ ತಮ್ಮ ರೀ," ಅಂದಳು ಹೆಂಡತಿ.

"ತಮ್ಮನಾದ್ರೆ ಓಡಬಹುದಾ?" ಅಂದ ರಾದೊಯ್ಕೊ. ಮುಖ ಇಷ್ಟಗಲವಾಗಿತ್ತು. ನಾಲ್ಕು ವಾರದ ಮೇಲೆ ಅವನಿಗೆ ತಾನು ಕೆಟ್ಟವನಲ್ಲ ಎಂಬುದು ಗೊತ್ತಾಗಿತ್ತು, ಯಾಕೆ ನಾಲ್ಕಿಲ್ಲ ಎಂಬುದೂ ಗೊತ್ತಾಗಿತ್ತು. "ಐದು ಕೊಟ್ಟಿದ್ರೆ ಈ ಪತ್ರಿಕೇನ ಒಲೆಗೆ ಹಾಕ್ತಿದ್ದೆ ಚಿಕ್ಕಮ್ಮ. ಒಳಗೆ ಬನ್ನಿ." ಹೆಂಡತಿ ಕಾಫಿಗೆ ನೀರಿಟ್ಟಳು. ಪ್ಲಮ್ಮಿನ ಸಾರಾಯಿ ರಾಕಿಯಾ ಸುರಿದರು. ಕುಡಿಯದ ವಿದಾ ಅವತ್ತು ಒಂದು ಗುಟುಕು ಕುಡಿದು ಕೆಮ್ಮಿದಳು.

ಬಿಟ್ಟ ಮದುವೆಗಳಲ್ಲಿ ಎರಡು ತಿರುಗಿ ಬಂದವು. ತಮ್ಮ ಡೋಲು ಬಿಟ್ಟು ಗಿಟಾರು ಹಿಡಿದ. ಏಳು ವರ್ಷದ ಮೇಲೆ ರಾದೊಯ್ಕೊನ ಕ್ಯಾಸೆಟ್ಟಿಗೆ ನಾಲ್ಕು ಸಿಕ್ಕಿತು. ಅವತ್ತು ಅವನು ಅಚ್ಚುಮನೆಗೆ ಬಂದು ನಾಲ್ಕು ಪ್ಲಮ್ ಕೊರೆದ ಮರದ ಅಚ್ಚನ್ನು ಕೇಳಿ ಇಸಿದುಕೊಂಡ. ಈಗಲೂ ಅದು ಅವನ ಅಂಗಡಿಯ ಗೋಡೆಯ ಮೇಲಿದೆ. ಆಮೇಲೆ ಯುದ್ಧದ, ದಿಗ್ಬಂಧನದ ಕೆಟ್ಟ ವರ್ಷಗಳು ಬಂದವು. ಅಚ್ಚು ಹಾಕಲು ಕಾಗದವಿಲ್ಲದೆ ಪತ್ರಿಕೆ ಅಂಗೈಯಗಲಕ್ಕೆ ಇಳಿಯಿತು. ಆಗಲೂ ವಿದಾಳ ನಾಲ್ಕು ಸಾಲಿಗೆ ಜಾಗ ಬಿಡುತ್ತಿದ್ದೆವು. ರೊಟ್ಟಿಯ ಸಾಲಿನಲ್ಲಿ ನಿಂತ ಜನ ಅದನ್ನು ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದರು. ಆ ನಗುವಿಗೆ ನಾನು ಮೊಳೆ ಜೋಡಿಸಿದೆ ಎಂಬುದು ನನ್ನ ಬದುಕಿನ ಹೆಮ್ಮೆ.

ಈಗ ವಿದಾಳಿಗೆ ಎಂಬತ್ತೊಂದು. ಗಂಡ ತೀರಿಕೊಂಡು ಹದಿನೈದು ವರ್ಷ. ಕಿವಿ ನೆಟ್ಟಗಿದೆ, ಬೀದಿಯ ಆ ತುದಿಯಲ್ಲಿ ನಾನು ಕೆಮ್ಮಿದರೆ ಕಾಫಿಗೆ ನೀರಿಡುತ್ತಾಳೆ. ಕಣ್ಣಿಗೆ ಮಾತ್ರ ಪೊರೆ ಕವಿದಿದೆ. ಎರಡು ಸಲ ಶಸ್ತ್ರಚಿಕಿತ್ಸೆ ಆದರೂ ಅಕ್ಷರ ಕಾಣುವುದಿಲ್ಲ. ಪತ್ರಿಕೆಗೆ ಫೋನಿನಲ್ಲಿ ಹೇಳಿ ಬರೆಸುತ್ತಾಳೆ. ರೆಕಾರ್ಡುಗಳು ಮತ್ತೆ ಬರತೊಡಗಿವೆ. ಯಾವುದು ಎಷ್ಟು ಸುತ್ತಿನದೆಂದು ಅವಳಿಗೆ ಕಾಣುವುದಿಲ್ಲ.

ಹೋದ ತಿಂಗಳು ನಾನೂ ರಾದೊಯ್ಕೊನೂ ಕೂಡಿ ಅವಳ ಮನೆಗೆ ಹೋದೆವು. ದಾರಿಯಲ್ಲಿಯೇ ಮಾತಾಡಿಕೊಂಡಿದ್ದೆವು. ವಾರಕ್ಕೊಮ್ಮೆ ಅವನು ಬರುವುದು, ಇನ್ನೊಮ್ಮೆ ನಾನು. ಸುತ್ತು ನೋಡಿ, ಗುಂಡಿ ತಿರುಗಿಸಿ, ಮುಳ್ಳು ಇಟ್ಟುಕೊಡುವುದು. ಅವಳ ಅಡುಗೆಮನೆಯಲ್ಲಿ ಕೂತ ಮೇಲೆ, ಅದನ್ನು ಹೇಳುವ ಮುಂಚೆ, ನಲವತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿಬಿಟ್ಟೆ.

"ವಿದಾ, ಆ ಮೊಹರು ಒತ್ತಿದ್ದು ನಾನು."

ರಾದೊಯ್ಕೊ ನನ್ನ ಮುಖ ನೋಡಿದ. ವಿದಾ ಕಾಫಿ ಕಲಕುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೋ. ಅಚ್ಚುಮನೇಲಿ ಅಷ್ಟು ಗಟ್ಟಿಯಾಗಿ ಒತ್ತೋನು ಇನ್ಯಾರಿದ್ದ?"

"ಮತ್ಯಾಕೆ ಬರೀಲಿಲ್ಲ?"

"ಮೊಹರು ಕೇಳಿಸುತ್ತೇನೋ? ಕೇಳೋದು ನನ್ನ ಕೆಲಸ ಆಗಿತ್ತು."

ರಾದೊಯ್ಕೊ ನಕ್ಕು ನನ್ನ ಬೆನ್ನಿಗೆ ಗುದ್ದಿದ. "ಮೇಸ್ತ್ರಿ, ನಾಲ್ಕು ಮದುವೆ ತಿಂದ್ರಿ ನನ್ನವು! ಇವತ್ತಿನ ರಾಕಿಯಾ ನಿಮ್ಮದು." ನನ್ನ ಕಣ್ಣು ಒದ್ದೆಯಾಗಿತ್ತು. ಪುಣ್ಯಕ್ಕೆ ಅವಳಿಗೆ ಕಾಣಲಿಲ್ಲ. ಆದರೆ ಮೂಗು ಸೇದಿದ್ದು ಕೇಳಿಸಿರಬೇಕು, ಕರವಸ್ತ್ರ ಮುಂದೆ ಚಾಚಿದಳು.

ಆಮೇಲೆ ರಾದೊಯ್ಕೊ ನಮ್ಮ ಏರ್ಪಾಟು ಹೇಳಿದ. "ಚಿಕ್ಕಮ್ಮ, ನೀವು ಕೂತಿದ್ರೆ ಸಾಕು. ಗುಂಡಿ ನಾನು ನೋಡ್ಕೋತೀನಿ. ನಿಮ್ಮಿಂದಲ್ವಾ ನಾನು ಅಷ್ಟು ಮದುವೆ ಹಾಡಿದ್ದು, ಇಷ್ಟಾದ್ರೂ ಮಾಡ್ಬೇಡ್ವಾ?"

ವಿದಾ ಎದ್ದಳು. ಗೋಡೆ ಸವರಿಕೊಂಡು ಹಾಲ್‌ನಲ್ಲಿದ್ದ ರೆಕಾರ್ಡ್ ಪ್ಲೇಯರಿನ ಬಳಿಗೆ ಹೋಗಿ, ಹೊಸ ರೆಕಾರ್ಡೊಂದನ್ನು ಕೂರಿಸಿ, ಗುಂಡಿಯ ಮೇಲೆ ಬೆರಳಿಟ್ಟಳು.

"ನಿನ್ನ ಬಾಯಿಗೆ ಸಕ್ಕರೆ ಹಾಕ, ಮಗಾ. ಆದ್ರೆ ಬೇಡ. ನಮ್ಮಪ್ಪನ ಸುತ್ತಿಗೇನ ಯಾರೂ ಹಿಡ್ಕೊಟ್ಟಿಲ್ಲ. ಈ ಗುಂಡಿ ತಪ್ಪಾಗಿ ತಿರುಗಿದ್ರೆ ನನ್ನ ಕೈಯಿಂದ್ಲೇ ತಿರುಗ್ಲಿ, ಬಾಗಿಲು ಹಾಕ್ಕೊಂಡ್ರೆ ನಂಗೇ ಗೊತ್ತಾಗುತ್ತೆ. ನೀವಿಬ್ರೂ ಮೊದ್ಲು ಅಡುಗೆಮನೆಯಿಂದ ಎದ್ದು ಹೊರಗೆ ಬನ್ನಿ, ನಂಗೆ ಮೂರನೇ ಸಲ ಕೇಳೋದಿದೆ."